ಪೆಟ್ಟಿಗೆಯಲ್ಲಿ ಬೇರೆ ಬಣ್ಣದ ನೊಣ ಕಂಡಾಗ

ಹೊಸದಾಗಿ ಜೇನುಪೆಟ್ಟಿಗೆ ಇಟ್ಟುಕೊಂಡ ಮನೆಗಳಿಂದ ಮೊದಲ ಒಂದೆರಡು ತಿಂಗಳಲ್ಲಿ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ. "ನಮ್ಮ ಪೆಟಗ್ಯಾಗ ಬ್ಯಾರೆ ಜಾತಿ ನೊಣ ಹೊಕ್ಕಾವ್ರಿ, ಏನ್ ಮಾಡೂಣು?" ಎಂದು ಕೇಳುತ್ತಾರೆ. ತಂದಾಗ ಎಲ್ಲ ನೊಣಗಳೂ ಒಂದೇ ಬಗೆಯಾಗಿ ಕಂಡಿದ್ದವು. ಈಗ ನೋಡಿದರೆ ಕೆಲವು ಕಪ್ಪು, ಕೆಲವು ಹಳದಿ. ಕೆಲವು ದಪ್ಪ, ಕೆಲವು ಸಣ್ಣ. ಕೆಲವಕ್ಕೆ ಮೈಮೇಲೆ ರೋಮವೇ ಇಲ್ಲ. ಕೊಟ್ಟವರು ಮೋಸ ಮಾಡಿದರೇ? ಕಾಡಿನ ನೊಣ ಬಂದು ಸೇರಿತೇ? ರೋಗ ಬಿತ್ತೇ? ಹೀಗೆ ಮನೆಮಂದಿಗೆಲ್ಲ ಚಿಂತೆ ಹತ್ತುತ್ತದೆ.

ಕುಪವಾಡ ಎಂಐಡಿಸಿಯ ಸುತ್ತಮುತ್ತ ಇರುವ ನಮ್ಮ ಕುಟುಂಬಗಳಲ್ಲಿ ಒಬ್ಬರು ಕಾರ್ಖಾನೆಯ ಪಾಳಿಗೆ ಹೋದರೆ ಇನ್ನೊಬ್ಬರು ಹೊಲ ನೋಡಿಕೊಳ್ಳುವುದು ಸಾಮಾನ್ಯ. ಸಾಂಗಲಿ, ಮೀರಜ ಮತ್ತು ಕುಪವಾಡ ಸೇರಿ 1998ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಮೇಲೂ ಊರಂಚಿನಲ್ಲಿ ಕಬ್ಬು, ದ್ರಾಕ್ಷಿ, ಅರಿಶಿನ, ಜೋಳದ ಹೊಲಗಳು ಉಳಿದಿವೆ. ಅಂಥ ಹೊಲದ ಬದುವಿನ ಮೇಲೆ, ಬೇವಿನ ಮರದ ನೆರಳಿನಲ್ಲಿ ಒಂದೆರಡು ಪೆಟ್ಟಿಗೆ ಇಡುವುದು ಒಳ್ಳೆಯ ಕೆಲಸವೇ. ದಾಳಿಂಬೆ, ಸೂರ್ಯಕಾಂತಿ, ಕೊತ್ತಂಬರಿ, ಉಳ್ಳಾಗಡ್ಡಿ ಬೀಜ ಬೆಳೆಯುವವರಿಗೆ ಜೇನುತುಪ್ಪಕ್ಕಿಂತ ನೊಣಗಳ ಪರಾಗಸ್ಪರ್ಶವೇ ಹೆಚ್ಚಿನ ಲಾಭ. ಆದರೆ ಬೇರೆ ಬಣ್ಣದ ನೊಣ ಕಂಡ ಗಾಬರಿಯಲ್ಲಿ ಪೆಟ್ಟಿಗೆಗೆ ಕೀಟನಾಶಕ ಹೊಡೆದವರು, ಸೀಮೆಎಣ್ಣೆ ಸುರಿದವರು, ಉದ್ದವಾದ ಬೇರೆ ನೊಣವೆಂದು ರಾಣಿಯನ್ನೇ ಹೊಸಕಿ ಹಾಕಿದವರು ಉಂಟು. ಸಾವಿರಾರು ರೂಪಾಯಿ ಕೊಟ್ಟು ತಂದ ಕುಟುಂಬ ಒಂದು ಗಳಿಗೆಯಲ್ಲಿ ಹಾಳಾಗುತ್ತದೆ. ಇನ್ನು ಕೆಲವರು ಏನೂ ಆಗಿಲ್ಲವೆಂದು ಸುಮ್ಮನಿದ್ದು, ನಿಜವಾದ ಅಪಾಯವನ್ನು ಗುರುತಿಸದೆ ಪೆಟ್ಟಿಗೆ ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಸಲ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಭಾಗದ ಜೇನುಗಳು

ನಮ್ಮ ಕಡೆ ಕಾಣುವ ಜೇನುನೊಣಗಳಲ್ಲಿ ಐದು ಮುಖ್ಯವಾದವು. ಬಂಡೆ, ದೊಡ್ಡ ಮರ, ನೀರಿನ ಟಾಕಿಗಳ ಕೆಳಗೆ ಒಂದೇ ದೊಡ್ಡ ಹುಟ್ಟು ಕಟ್ಟುವುದು ಹೆಜ್ಜೇನು. ಮರಾಠಿಯಲ್ಲಿ ಇದಕ್ಕೆ ಆಗ್ಯಾ ಎನ್ನುತ್ತಾರೆ. ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಹುಟ್ಟು ಕಟ್ಟುವ ಚಿಕ್ಕ ನೊಣ ಕೋಲುಜೇನು. ಮರಾಠಿಯ ಫುಲೋರಿ ಇದೇ. ಕುಟುಕುವ ಮುಳ್ಳಿಲ್ಲದೆ ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯ ಬಾಗಿಲು ಮಾಡಿಕೊಂಡಿರುವ ಅತಿ ಸಣ್ಣ ಕಪ್ಪು ನೊಣ ಮುಜಂಟಿ. ಹೆಜ್ಜೇನು ಮತ್ತು ಕೋಲುಜೇನು ಬಯಲಿನಲ್ಲಿ ಬಾಳುವಂಥವು; ನಮ್ಮ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ.

ಚೌಕಟ್ಟಿನ ಪೆಟ್ಟಿಗೆಯಲ್ಲಿ ಸಾಕಲು ಬರುವುದು ಎರಡೇ ಜಾತಿ. ಒಂದು, ನಮ್ಮ ನಾಡಿನದೇ ಆದ ತುಡುವೆ ಜೇನು, ಮರಾಠಿಯಲ್ಲಿ ಸಾತೇರಿ. ಮರದ ಪೊಟರೆ, ಹುತ್ತ, ಗೋಡೆಯ ಗೂಡುಗಳ ಕತ್ತಲೆಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದು ಇದರ ಸ್ವಭಾವ. ಇನ್ನೊಂದು ಇಟಲಿ ಜೇನು, ಅಂದರೆ ಯುರೋಪಿನ ಮೆಲ್ಲಿಫೆರಾ. ಇದು 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ಮೊದಲು ನೆಲೆನಿಂತು, ಅಲ್ಲಿಂದ ಪಂಜಾಬಿಗೆ, ಮುಂದೆ ದೇಶದ ಉಳಿದ ಭಾಗಗಳಿಗೆ ಹರಡಿತು. ದಾಳಿಂಬೆ, ಸೂರ್ಯಕಾಂತಿ ಬೆಳೆಗೆ ಬಾಡಿಗೆಗೆ ಬರುವ ದೊಡ್ಡ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ.

ನಿಮ್ಮ ಪೆಟ್ಟಿಗೆಯಲ್ಲಿರುವುದು ಯಾವುದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ತುಡುವೆ ಸ್ವಲ್ಪ ಚಿಕ್ಕದು, ಚುರುಕು. ಇಟಲಿ ನೊಣ ದೊಡ್ಡದು, ನಿಧಾನ. ಇನ್ನೊಂದು ಸುಲಭ ಗುರುತು ಇದೆ. ಬಿಸಿಲಿನ ಹೊತ್ತಿನಲ್ಲಿ ಪೆಟ್ಟಿಗೆಯ ಬಾಗಿಲಲ್ಲಿ ಕೆಲವು ನೊಣಗಳು ನಿಂತು ರೆಕ್ಕೆ ಬೀಸಿ ಗಾಳಿ ಹಾಕುತ್ತಿರುತ್ತವೆ. ತುಡುವೆಯಾದರೆ ತಲೆಯನ್ನು ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಇಟಲಿ ನೊಣ ತಲೆಯನ್ನು ಬಾಗಿಲಿನ ಕಡೆಗೆ ಮಾಡಿ ನಿಂತು ಒಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ. ಪೆಟ್ಟಿಗೆ ತೆರೆಯದೆಯೇ ಇದನ್ನು ನೋಡಿ ತಿಳಿಯಬಹುದು. ಈ ಎರಡು ಜಾತಿಗಳ ನಡುವೆ ಮಿಶ್ರ ಸಂತಾನ ಹುಟ್ಟುವುದಿಲ್ಲ. "ಸಾತೇರಿಗೆ ಇಟಲಿ ಬೆರಕೆಯಾಗಿ ಹೊಸ ಜಾತಿ ಹುಟ್ಟಿದೆ" ಎಂಬ ಮಾತು ಕೇಳಿದರೆ ನಂಬಬೇಕಾಗಿಲ್ಲ.

ಒಂದೇ ಮನೆಯಲ್ಲಿ ಮೂರು ರೂಪ

ಬೇರೆ ನೊಣ ಎಂದು ಹೇಳುವ ಹತ್ತರಲ್ಲಿ ಹೆಚ್ಚಿನವು ಅದೇ ಮನೆಯ ಮಕ್ಕಳೇ ಆಗಿರುತ್ತವೆ.

ಪೆಟ್ಟಿಗೆಯಲ್ಲಿ ರಾಣಿ ಒಬ್ಬಳೇ. ಆಕೆಯ ಹೊಟ್ಟೆ ಉದ್ದ, ರೆಕ್ಕೆ ಹೊಟ್ಟೆಗಿಂತ ಗಿಡ್ಡ, ನಡಿಗೆ ಗಂಭೀರ. ಗಂಡು ನೊಣಗಳು ದಪ್ಪ, ಹಿಂಭಾಗ ಮೊಂಡು, ಎರಡೂ ಕಣ್ಣುಗಳು ನೆತ್ತಿಯ ಮೇಲೆ ಕೂಡುವಷ್ಟು ದೊಡ್ಡವು. ತುಡುವೆಯ ಗಂಡು ನೊಣವಂತೂ ಕೆಲಸಗಾರ ನೊಣಗಳಿಗಿಂತ ಎಷ್ಟೋ ಕಪ್ಪು. ಮೊದಲ ಸಲ ನೋಡಿದವರು ಅದನ್ನು ಬೇರೆ ಜಾತಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಹಾರುವಾಗ ದೊಡ್ಡ ಸದ್ದು ಮಾಡುವ ಇದಕ್ಕೆ ಕುಟುಕುವ ಮುಳ್ಳೇ ಇಲ್ಲ. ಗಂಡು ನೊಣ ಮೊಟ್ಟೆಯಿಂದ ಹೊರಬರಲು ಸುಮಾರು 24 ದಿನ ಬೇಕು. ಆದ್ದರಿಂದ ಪೆಟ್ಟಿಗೆ ತಂದು ತಿಂಗಳಾಗುವ ಹೊತ್ತಿಗೆ ಇವು ಏಕಾಏಕಿ ಕಾಣಿಸಿಕೊಳ್ಳಬಹುದು. ತುಡುವೆಯ ಗಂಡುಕಣದ ಮುಚ್ಚಳ ಉಬ್ಬಿದ್ದು ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದನ್ನು ರೋಗದ ತೂತು ಎಂದು ಭಾವಿಸಬಾರದು.

ಕೆಲಸಗಾರ ನೊಣಗಳಲ್ಲೂ ವಯಸ್ಸಿಗೆ ತಕ್ಕ ಬಣ್ಣ ಇದೆ. ಅಂದೇ ಹುಟ್ಟಿದ ನೊಣ ಬೂದುಬಣ್ಣದ್ದು, ಮೈತುಂಬ ನುಣುಪಾದ ರೋಮ, ನಡಿಗೆ ತಡವರಿಸುವಂಥದ್ದು. ಅದಕ್ಕೆ ಹಾರಲೂ ಬಾರದು. ಮೇವಿಗೆ ಹೋಗಿ ಹೋಗಿ ಮುದಿಯಾದ ನೊಣದ ರೋಮ ಉದುರಿ ಮೈ ಕಪ್ಪಾಗಿ ಹೊಳೆಯುತ್ತದೆ, ರೆಕ್ಕೆಯ ಅಂಚು ಹರಿದಿರುತ್ತದೆ. ಕೆಲಸದ ಕಾಲದಲ್ಲಿ ಕೆಲಸಗಾರ ನೊಣದ ಆಯುಷ್ಯ ಸುಮಾರು ಆರು ವಾರ ಮಾತ್ರ. ಹೊಸ ಪೆಟ್ಟಿಗೆಯಲ್ಲಿ ಹಳೆಯ ನೊಣಗಳು ಸವೆಯುತ್ತಿರುವಾಗಲೇ ಹೊಸ ನೊಣಗಳು ಹುಟ್ಟುವುದರಿಂದ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹೂವಿನ ಪರಾಗವೂ ಮೋಸ ಮಾಡುತ್ತದೆ. ಸೂರ್ಯಕಾಂತಿಯಿಂದ ಬಂದ ನೊಣ ಹಳದಿ ಹಿಟ್ಟು ಮೆತ್ತಿಕೊಂಡಿರುತ್ತದೆ. ಮರುದಿನ ನೋಡಿದರೆ ಅದೇ ನೊಣ ಮೊದಲಿನಂತೆ.

ತಾಯಿ ಒಬ್ಬಳು, ತಂದೆ ಹಲವರು

ಇನ್ನು ಒಂದೇ ವಯಸ್ಸಿನ ಕೆಲಸಗಾರ ನೊಣಗಳಲ್ಲೇ ಕೆಲವು ಹಳದಿ, ಕೆಲವು ಕಪ್ಪು ಕಂಡರೆ? ಇದಕ್ಕೂ ಕಾರಣವಿದೆ. ಎಳೆಯ ರಾಣಿ ಪೆಟ್ಟಿಗೆಯಿಂದ ಹೊರಗೆ ಹಾರಿ, ಆಕಾಶದಲ್ಲಿ ಹತ್ತಾರು ಗಂಡು ನೊಣಗಳೊಡನೆ ಕೂಡಿ ಬರುತ್ತದೆ. ಆ ವೀರ್ಯವನ್ನು ಜೀವಮಾನಪೂರ್ತಿ ತನ್ನೊಳಗೆ ಕಾಪಾಡಿಕೊಂಡು ಮೊಟ್ಟೆಯಿಡುತ್ತದೆ. ಗಂಡು ನೊಣಗಳು ಸುತ್ತಲಿನ ಎಷ್ಟೋ ಹುಟ್ಟುಗಳಿಂದ ಬಂದಿರುತ್ತವೆ. ಹೀಗಾಗಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ತಂದೆಯ ಬಣ್ಣ ಹೊತ್ತು ಹುಟ್ಟುತ್ತವೆ. ಇದು ದೋಷವಲ್ಲ. ಹಲವು ತಂದೆಯರ ಸಂತಾನವಿರುವ ಕುಟುಂಬ ರೋಗವನ್ನೂ ಚಳಿಬಿಸಿಲನ್ನೂ ಹೆಚ್ಚು ತಾಳುತ್ತದೆ ಎಂಬುದು ತಜ್ಞರು ಕಂಡುಕೊಂಡ ವಿಷಯ.

ತುಡುವೆಯಲ್ಲಿ ಘಟ್ಟದ ನೊಣ ದೊಡ್ಡದು, ಕಪ್ಪು. ಬಯಲುಸೀಮೆಯ ನೊಣ ಚಿಕ್ಕದು, ಹಳದಿ ಛಾಯೆಯದು. ಮಹಾಬಳೇಶ್ವರದ ಕಡೆಯಿಂದಲೋ ಪಶ್ಚಿಮಘಟ್ಟದ ಬೇರೆ ಊರಿನಿಂದಲೋ ತಂದ ಕಪ್ಪು ಕುಟುಂಬದಲ್ಲಿ ರಾಣಿ ಬದಲಾಯಿತೆನ್ನಿ. ಹೊಸ ರಾಣಿ ಕುಪವಾಡದ ಬಯಲಿನ ಗಂಡು ನೊಣಗಳೊಡನೆ ಕೂಡುತ್ತದೆ. ಮುಂದೆ ಹುಟ್ಟುವ ನೊಣಗಳಲ್ಲಿ ಹಳದಿ ಕಾಣಿಸುತ್ತದೆ. ಲೆಕ್ಕ ಹೀಗಿದೆ: ಹೊಸ ರಾಣಿ ಮೊಟ್ಟೆಯಿಡಲು ತೊಡಗಿದ ಸುಮಾರು ಮೂರು ವಾರಕ್ಕೆ ಅದರ ಮೊದಲ ಮಕ್ಕಳು ಕಾಣುತ್ತವೆ. ಹಳೆಯ ರಾಣಿಯ ಮಕ್ಕಳು ಸವೆದು ಪೆಟ್ಟಿಗೆ ಪೂರ್ತಿ ಬಣ್ಣ ಬದಲಿಸಲು ಎರಡು ತಿಂಗಳು ಬೇಕು. ಆ ಎರಡು ತಿಂಗಳು ಎರಡೂ ಬಣ್ಣ ಒಟ್ಟಿಗೆ ಇರುತ್ತವೆ.

ಪೆಟ್ಟಿಗೆ ಮಾರುವವರು ಒಂದು ಕುಟುಂಬವನ್ನು ಬಲಪಡಿಸಲು ಬೇರೆ ಎರಡು ಮೂರು ಕುಟುಂಬಗಳಿಂದ ಮರಿ ತುಂಬಿದ ಎರಿ ತೆಗೆದು ಸೇರಿಸುವುದೂ ಉಂಟು. ಇದು ಎಲ್ಲ ಕಡೆ ನಡೆಯುವ ಪದ್ಧತಿ, ಮೋಸವಲ್ಲ. ಆಗ ಹೊಸ ಪೆಟ್ಟಿಗೆಯಲ್ಲಿ ಎರಡು ಮೂರು ತಾಯಂದಿರ ಮಕ್ಕಳು ಕೂಡಿ ಬಾಳುತ್ತವೆ. ಎರಡು ತಿಂಗಳು ಕಳೆದ ಮೇಲೆ ಈಗಿನ ರಾಣಿಯ ಮಕ್ಕಳು ಮಾತ್ರ ಉಳಿಯುತ್ತವೆ. ಕೊಳ್ಳುವಾಗಲೇ "ಎರಿ ಕೂಡಿಸಿದ್ದೀರಾ? ರಾಣಿ ಎಷ್ಟು ತಿಂಗಳಿನದು?" ಎಂದು ಕೇಳಿಕೊಂಡರೆ ಆಮೇಲೆ ಸಂಶಯಪಡುವ ಕಾರಣವಿರುವುದಿಲ್ಲ.

ಬಣ್ಣ ನೋಡಿ ಸತ್ಯ ಕಂಡ ಗುರುಗಳು

ನೊಣಗಳ ಬಣ್ಣದ ವ್ಯತ್ಯಾಸವನ್ನು ಗಾಬರಿಯಿಲ್ಲದೆ ನೋಡಿದವರಿಗೆ ದೊಡ್ಡ ವಿಷಯಗಳು ತಿಳಿದಿವೆ. ಇಂದಿನ ಪೋಲೆಂಡಿಗೆ ಸೇರಿದ ಸಿಲೇಸಿಯಾ ಪ್ರಾಂತದಲ್ಲಿ ಯೊಹಾನ್ ಜಿಯೆರ್ಜೋನ್ ಎಂಬ ಕಥೋಲಿಕ ಗುರುಗಳಿದ್ದರು (1811–1906). ಗಂಡು ನೊಣಗಳು ಗರ್ಭಧಾರಣೆಯಾಗದ ಮೊಟ್ಟೆಯಿಂದ, ಅಂದರೆ ತಂದೆಯಿಲ್ಲದೆ ಹುಟ್ಟುತ್ತವೆ ಎಂದು ಅವರು 1845ರಲ್ಲಿ ಬರೆದರು. ಆಗಿನ ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. 1853ರಲ್ಲಿ ಅವರು ಹಳದಿ ಬಣ್ಣದ ಇಟಲಿ ರಾಣಿಯನ್ನು ತರಿಸಿದರು. ಅಲ್ಲಿನ ಸ್ಥಳೀಯ ನೊಣ ಕಪ್ಪು. ಇಟಲಿಯ ರಾಣಿ ಕಪ್ಪು ಗಂಡುಗಳೊಡನೆ ಕೂಡಿದಾಗ ಹುಟ್ಟಿದ ಕೆಲಸಗಾರ ನೊಣಗಳಲ್ಲಿ ಬೆರಕೆ ಬಣ್ಣ ಕಂಡಿತು. ಗಂಡು ನೊಣಗಳು ಮಾತ್ರ ಶುದ್ಧ ಇಟಲಿಯವಾಗಿಯೇ ಹುಟ್ಟಿದವು. ಗಂಡು ನೊಣಕ್ಕೆ ತಾಯಿಯ ಬಣ್ಣ ಮಾತ್ರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಈಗಲೂ ರಾಣಿಯ ಮೂಲ ತಿಳಿಯಬೇಕಾದರೆ ಅದರ ಗಂಡು ಮಕ್ಕಳನ್ನು ನೋಡಬೇಕು.

ನಮ್ಮ ದಕ್ಷಿಣ ಭಾರತಕ್ಕೆ ಚೌಕಟ್ಟಿನ ಪೆಟ್ಟಿಗೆಯ ಜೇನುಸಾಕಣೆ ಹರಡಿದ್ದೂ ಒಬ್ಬ ಗುರುಗಳಿಂದಲೇ. ತಿರುಚಿನಾಪಳ್ಳಿಯಲ್ಲಿದ್ದ ಯೇಸುಸಭೆಯ ಫಾದರ್ ನ್ಯೂಟನ್ 1911ರಿಂದ 1917ರವರೆಗೆ ಅನೇಕರಿಗೆ ತರಬೇತಿ ಕೊಟ್ಟು, ತುಡುವೆಗೆ ಒಪ್ಪುವ ಅಳತೆಯ ಪೆಟ್ಟಿಗೆ ರೂಪಿಸಿದರು. ಹಳಬರು ಈಗಲೂ ಹೇಳುವ ನ್ಯೂಟನ್ ಪೆಟ್ಟಿಗೆ ಅದೇ.

ನಿಜವಾಗಿ ಹೊರಗಿನವರೇ ಬಂದಾಗ

ಇಲ್ಲಿಯವರೆಗೆ ಹೇಳಿದ್ದು ಚಿಂತೆ ಬೇಡದ ಕಾರಣಗಳು. ಇನ್ನು ಎಚ್ಚರ ಬೇಕಾದವು.

ಮೊದಲನೆಯದು ಕಳ್ಳತನ. ಹೂವು ಕಡಿಮೆಯಾದ ದಿನಗಳಲ್ಲಿ ಬಲವಾದ ಕುಟುಂಬದ ನೊಣಗಳು ಬಲಹೀನ ಪೆಟ್ಟಿಗೆಗೆ ನುಗ್ಗಿ ತುಪ್ಪ ದೋಚುತ್ತವೆ. ಹೊಸ ಪೆಟ್ಟಿಗೆ ಸಾಮಾನ್ಯವಾಗಿ ಬಲಹೀನವೇ. ಅದಕ್ಕೆ ಸಕ್ಕರೆಪಾಕ ಕೊಡುವಾಗ ನೆಲಕ್ಕೆ ನಾಲ್ಕು ಹನಿ ಚೆಲ್ಲಿದರೆ ಸಾಕು, ಸುತ್ತಲಿನ ನೊಣಗಳಿಗೆ ಕರೆ ಕಳುಹಿಸಿದಂತೆ. ಹತ್ತಿರದಲ್ಲಿ ಬಾಡಿಗೆಯ ಇಟಲಿ ಪೆಟ್ಟಿಗೆಗಳಿದ್ದರೆ ತುಡುವೆಗೆ ಅಪಾಯ ಇನ್ನೂ ಹೆಚ್ಚು.

ಕಳ್ಳ ನೊಣಗಳು ಸಾಮಾನ್ಯವಾಗಿ ರೋಮ ಸವೆದು ಹೊಳೆಯುವ ಕಪ್ಪು ಮೈಯವು. ನೇರ ಬಾಗಿಲಿಗೆ ಬರದೆ ಅತ್ತಿತ್ತ ತೂಗಾಡುತ್ತ ಸಂದಿ ಹುಡುಕುತ್ತವೆ. ಬಾಗಿಲಲ್ಲಿ ಎರಡೆರಡು ನೊಣಗಳು ಕಚ್ಚಾಡಿ ಉರುಳುತ್ತವೆ. ಅಡಿಮಣೆಯ ಮೇಲೆ ಮೇಣದ ಚೂರು ಬಿದ್ದಿರುತ್ತದೆ. ಒಳಗೆ ಹೋಗುವಾಗ ಹಗುರ, ಹೊರಗೆ ಬರುವಾಗ ಹೊಟ್ಟೆ ಭಾರ. ಇದನ್ನು ಎಳೆಯ ನೊಣಗಳ ಹಾರಾಟದೊಡನೆ ಬೆರೆಸಬಾರದು. ಎಳೆಯವು ಬಿಸಿಲಿರುವ ಮಧ್ಯಾಹ್ನ ಸ್ವಲ್ಪ ಹೊತ್ತು ಪೆಟ್ಟಿಗೆಗೆ ಮುಖ ಮಾಡಿ ತೂಗುತ್ತ ಮನೆಯ ಗುರುತು ಹಿಡಿಯುತ್ತವೆ. ಅಲ್ಲಿ ಜಗಳ ಇರುವುದಿಲ್ಲ, ಅರ್ಧ ತಾಸಿನಲ್ಲಿ ಎಲ್ಲ ಶಾಂತ. ಕಳ್ಳತನವಾದರೆ ಸಂಜೆ ಕತ್ತಲಾಗುವವರೆಗೂ ಗದ್ದಲ ನಿಲ್ಲದು.

ಕಾರ್ಖಾನೆಯ ಬದಿಯಲ್ಲಿ ಪೆಟ್ಟಿಗೆ ಇಟ್ಟವರಿಗೆ ಇನ್ನೊಂದು ಮಾತು. ನೊಣಗಳಿಗೆ ಹೂವಿನ ಸಿಹಿ, ಗಾಣದ ಸಿಹಿ ಎಂಬ ಭೇದವಿಲ್ಲ. 2012ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ರಿಬೋವಿಲೆ ಪಟ್ಟಣದ ಬಳಿ ಜೇನುಸಾಕುವವರ ಪೆಟ್ಟಿಗೆಗಳಲ್ಲಿ ನೀಲಿ ಮತ್ತು ಹಸಿರು ತುಪ್ಪ ಕಂಡಿತು. ವಿಚಾರಿಸಿದಾಗ, ಬಣ್ಣದ ಮಿಠಾಯಿಯ ತ್ಯಾಜ್ಯ ತರಿಸಿ ಅನಿಲ ತಯಾರಿಸುವ ಘಟಕವೊಂದು ಹತ್ತಿರವಿದ್ದು, ನೊಣಗಳು ಅಲ್ಲಿಗೆ ಹೋಗಿಬರುತ್ತಿದ್ದವು ಎಂದು ತಿಳಿಯಿತು. ಆ ತುಪ್ಪವನ್ನು ಮಾರಲಾಗಲಿಲ್ಲ. ನಮ್ಮಲ್ಲಿ ಬೆಲ್ಲದ ಗಾಣಕ್ಕೆ, ಕಬ್ಬಿನ ಹಾಲಿನ ಅಂಗಡಿಗೆ ನೊಣಗಳು ಮುತ್ತಿ ಸಾಯುವುದನ್ನು ಎಲ್ಲರೂ ಕಂಡಿದ್ದೇವೆ. ಎಣ್ಣೆ, ಜಿಡ್ಡು ಹತ್ತಿದ ನೊಣದ ಮೈ ಕಪ್ಪಾಗಿ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯ ಹತ್ತಿರವೇ ಅಗಲ ತಟ್ಟೆಯಲ್ಲಿ ಶುದ್ಧ ನೀರಿಟ್ಟು, ಕೂರಲು ಸಣ್ಣ ಕಲ್ಲು ಹಾಕಿದರೆ ಅವು ರಸ್ತೆಯ ಹೊಂಡದ ನೀರಿಗೆ ಹೋಗುವುದು ಕಡಿಮೆಯಾಗುತ್ತದೆ.

ರೋಗ ಮತ್ತು ಉಣ್ಣಿಯ ಗುರುತು

ರೆಕ್ಕೆ ಮುದುಡಿದ, ಹೊಟ್ಟೆ ಗಿಡ್ಡವಾದ, ಹಾರಲಾರದೆ ಪೆಟ್ಟಿಗೆಯ ಮುಂದೆ ತೆವಳುವ ನೊಣ ಕಂಡರೆ ವರೋವಾ ಎಂಬ ಉಣ್ಣಿಯನ್ನು ಸಂಶಯಿಸಬೇಕು. ಇದು ಕಂದುಗೆಂಪು ಬಣ್ಣದ, ಸಾಸಿವೆಗಿಂತ ದೊಡ್ಡದಲ್ಲದ ಚಪ್ಪಟೆ ಜೀವಿ. ನೊಣದ ಬೆನ್ನಿನ ಮೇಲೋ ಹೊಟ್ಟೆಯ ಪಟ್ಟಿಗಳ ಸಂದಿಯಲ್ಲೋ ಅಂಟಿರುತ್ತದೆ. ಮೂಲದಲ್ಲಿ ಇದು ತುಡುವೆಯ ಉಣ್ಣಿ. ಅನಾದಿಯಿಂದ ಜೊತೆಗಿರುವುದರಿಂದ ತುಡುವೆ ಅದನ್ನು ಕೆರೆದು ತೆಗೆದು ಸಂಭಾಳಿಸಿಕೊಳ್ಳುತ್ತದೆ. ಹೊರಗಿನಿಂದ ಬಂದ ಇಟಲಿ ನೊಣಕ್ಕೆ ಆ ವಿದ್ಯೆ ಅಷ್ಟಾಗಿ ಬಾರದು. ಅಲ್ಲಿ ಚಿಕಿತ್ಸೆ ಬೇಕು. ಇಟಲಿ ನೊಣಕ್ಕೆ ತಗಲುವ ಒಂದು ವೈರಾಣು ರೋಗದಲ್ಲಿ ಎಳೆಯ ನೊಣವೂ ರೋಮ ಕಳೆದುಕೊಂಡು ಕಪ್ಪಾಗಿ ಹೊಳೆದು ನಡುಗುತ್ತದೆ. ಕಾವಲಿನ ನೊಣಗಳು ಅದನ್ನು ಹೊರಗೆ ಎಳೆದು ಹಾಕುತ್ತವೆ.

ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದ ದಿನ ಅಥವಾ ಮರುದಿನ ನಾಲಿಗೆ ಹೊರಚಾಚಿ ಸತ್ತ ನೊಣಗಳ ರಾಶಿ ಕಂಡರೆ ಅದು ರೋಗವಲ್ಲ, ವಿಷ. ನೆರೆಹೊಲದವರೊಡನೆ ಮೊದಲೇ ಮಾತಾಡಿಕೊಂಡು, ಹೂ ಅರಳಿರುವಾಗ ಹೊಡೆಯದಂತೆ, ಹೊಡೆಯಲೇಬೇಕಾದರೆ ನೊಣಗಳು ಮನೆ ಸೇರಿದ ಸಂಜೆ ಹೊಡೆಯುವಂತೆ ಕೇಳಿಕೊಳ್ಳುವುದು ಲೇಸು.

ರಾಣಿಯಿಲ್ಲದ ಮನೆ

ಎಲ್ಲಕ್ಕಿಂತ ಹೆಚ್ಚು ಪೆಟ್ಟಿಗೆಗಳು ಹಾಳಾಗುವುದು ಇದರಿಂದ. ಸಾಗಿಸುವಾಗ ರಾಣಿ ಸತ್ತಿರಬಹುದು, ಅಥವಾ ಹೊಸ ರಾಣಿ ಕೂಡಲು ಹೋಗಿ ಹಕ್ಕಿಯ ಬಾಯಿಗೆ ಬಿದ್ದಿರಬಹುದು. ಆಗ ಎಳೆಯ ನೊಣ ಹುಟ್ಟುವುದು ನಿಂತು, ಉಳಿದವೆಲ್ಲ ಮುದಿಯಾಗಿ ಕಪ್ಪಾಗಿ ಹೊಳೆಯುತ್ತವೆ. ಕೆಲವು ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ಅವು ಗಂಡಿನೊಡನೆ ಕೂಡಿಲ್ಲವಾದ್ದರಿಂದ ಆ ಮೊಟ್ಟೆಗಳಿಂದ ಗಂಡು ನೊಣ ಮಾತ್ರ ಹುಟ್ಟುತ್ತದೆ. ಅದೂ ಕೆಲಸಗಾರ ಕಣದಲ್ಲಿ ಬೆಳೆದ ಕುಳ್ಳ ಗಂಡು. ತುಡುವೆಯಲ್ಲಿ ರಾಣಿ ಹೋದ ಮೇಲೆ ಇದು ಬಹಳ ಬೇಗ ಆಗುತ್ತದೆ. ಪೆಟ್ಟಿಗೆಯ ಯಜಮಾನನಿಗೆ ಕಾಣುವುದು ಕಪ್ಪು ನೊಣ ಮತ್ತು ಕುಳ್ಳ ದಪ್ಪ ನೊಣ. ಆತ ಬೇರೆ ಜಾತಿ ಬಂತೆಂದು ತಿಳಿಯುತ್ತಾನೆ. ಒಳಗೆ ಕುಟುಂಬ ಅಳಿಯುತ್ತಿರುತ್ತದೆ.

ಗುರುತು ಸುಲಭ. ರಾಣಿ ಇದ್ದರೆ ಕಣದ ತಳದಲ್ಲಿ ಒಂದೊಂದೇ ಮೊಟ್ಟೆ. ಇಲ್ಲದಿದ್ದರೆ ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಕೆಲವು ಗೋಡೆಗೆ ಅಂಟಿಕೊಂಡಂತೆ ಇರುತ್ತವೆ. ಬೇಗ ಗೊತ್ತಾದರೆ ಅದೇ ಜಾತಿಯ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆ ಮರಿ ಇರುವ ಎರಿಯನ್ನು ನೊಣ ಝಾಡಿಸಿ ಕೊಡಬೇಕು. ಅವು ಹೊಸ ರಾಣಿ ಬೆಳೆಸಿಕೊಳ್ಳುತ್ತವೆ. ತಡವಾಗಿದ್ದರೆ ರಾಣಿಯಿರುವ ಕುಟುಂಬದೊಡನೆ ಕೂಡಿಸುವುದೇ ದಾರಿ.

ದೂರದವರ ಅನುಭವ, ನಮ್ಮದೇ ಅನುಭವ

ಬೇರೆ ಬಣ್ಣದ ನೊಣ ನಿಜವಾಗಿಯೂ ಕೇಡು ತಂದ ಒಂದು ಪ್ರಸಂಗ ದಕ್ಷಿಣ ಆಫ್ರಿಕದ್ದು. ಅಲ್ಲಿ ದಕ್ಷಿಣ ತುದಿಯ ಕೇಪ್ ಪ್ರಾಂತದ ಕಪ್ಪು ಛಾಯೆಯ ನೊಣಕ್ಕೆ ಒಂದು ವಿಚಿತ್ರ ಗುಣವಿದೆ. ಅದರ ಕೆಲಸಗಾರ ನೊಣ ಇಡುವ ಮೊಟ್ಟೆಯಿಂದ ಹೆಣ್ಣು ನೊಣವೇ ಹುಟ್ಟುತ್ತದೆ. 1990ರಲ್ಲಿ ಜೇನುಸಾಕುವವರು ಇದರ ಸುಮಾರು 200 ಪೆಟ್ಟಿಗೆಗಳನ್ನು ಹಳದಿ ನೊಣವಿರುವ ಉತ್ತರದ ಪ್ರಾಂತಕ್ಕೆ ಸಾಗಿಸಿದರು. ಕಪ್ಪು ನೊಣಗಳು ಅಲ್ಲಿನ ಪೆಟ್ಟಿಗೆಗಳಿಗೆ ಸೇರಿಕೊಂಡು ತಾವೇ ಮೊಟ್ಟೆಯಿಟ್ಟು ಬೆಳೆದವು. ಆ ಮನೆಯ ರಾಣಿ ಅಳಿಯಿತು. ದುಡಿಯುವವರಿಲ್ಲದೆ ಪೆಟ್ಟಿಗೆ ಬರಿದಾಯಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಕುಟುಂಬಗಳು ನಾಶವಾದವು. ಆ ನೊಣ ನಮ್ಮ ದೇಶದ್ದಲ್ಲ. ಆದರೆ ಒಂದು ಪ್ರಾಂತದ ನೊಣವನ್ನು ವಿಚಾರಿಸದೆ ಇನ್ನೊಂದೆಡೆಗೆ ಸಾಗಿಸಬಾರದೆಂಬ ಪಾಠ ಎಲ್ಲರಿಗೂ ಸಲ್ಲುತ್ತದೆ.

ನಮಗೂ ಇಂಥ ಪೆಟ್ಟು ಬಿದ್ದಿದೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಕಂಡುಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ 1991–92ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ಹಬ್ಬಿ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಕೊಡಗು, ಮಲೆನಾಡು, ದಕ್ಷಿಣ ಕನ್ನಡದಲ್ಲಿ ತಲೆತಲಾಂತರದಿಂದ ಜೇನು ಸಾಕಿದವರ ಪೆಟ್ಟಿಗೆಗಳು ಖಾಲಿಯಾದವು. ಮರಿಹುಳು ಕಣದೊಳಗೇ ಸತ್ತು, ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿಕೊಂಡು ಬಿದ್ದಿರುವುದು ಇದರ ಗುರುತು. ಉಳಿದುಕೊಂಡ ಕುಟುಂಬಗಳಿಂದಲೇ ತುಡುವೆ ನಿಧಾನವಾಗಿ ಮತ್ತೆ ಚಿಗುರಿತು. ಮಹಾಬಳೇಶ್ವರ ತಾಲೂಕಿನ ಮಾಂಘರ್ ಎಂಬ ಹಳ್ಳಿ ತುಡುವೆಯನ್ನೇ ನಂಬಿ ಬಾಳಿ, 2022ರಲ್ಲಿ ಮಹಾರಾಷ್ಟ್ರದ ಮೊದಲ ಜೇನುಗ್ರಾಮ ಎಂಬ ಹೆಸರು ಪಡೆಯಿತು.

ಏನು ಮಾಡಬೇಕು?

1. ಗಾಬರಿಯಾಗಿ ಏನನ್ನೂ ಹೊಡೆಯಬೇಡಿ, ಸುರಿಯಬೇಡಿ. ಮೂರು ದಿನ, ದಿನಕ್ಕೆ ಹತ್ತು ನಿಮಿಷ ಬಾಗಿಲ ಬದಿಯಲ್ಲಿ ಕುಳಿತು ನೋಡಿ. ಜಗಳ ಇದೆಯೇ? ತೆವಳುವ ನೊಣ ಇವೆಯೇ? ಪರಾಗದ ಉಂಡೆ ಹೊತ್ತು ನೊಣ ಬರುತ್ತಿವೆಯೇ? ಪರಾಗ ಚೆನ್ನಾಗಿ ಬರುತ್ತಿದ್ದರೆ ಒಳಗೆ ಮರಿ ಇದೆ ಎಂದು ಹೆಚ್ಚಾಗಿ ನಂಬಬಹುದು.

2. ನಾಲ್ಕನೆಯ ದಿನ ಬಿಸಿಲು ಹದವಾಗಿರುವಾಗ ಹೊಗೆ ತಿದಿಯಿಂದ ಸ್ವಲ್ಪ ಹೊಗೆ ಹಾಕಿ ಸಂಸಾರ ಕೋಣೆ ತೆರೆಯಿರಿ. ರಾಣಿ ಸಿಗದಿದ್ದರೂ ಚಿಂತೆಯಿಲ್ಲ; ಕಣಕ್ಕೆ ಒಂದರಂತೆ ಮೊಟ್ಟೆ ಕಂಡರೆ ಸಾಕು. ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿಡಬೇಡಿ.

3. ಕಳ್ಳತನವಾದರೆ ಬಾಗಿಲನ್ನು ಒಂದೆರಡು ನೊಣ ಹೋಗುವಷ್ಟಕ್ಕೆ ಕಿರಿದು ಮಾಡಿ. ಸಂದುಗಳನ್ನು ಮಣ್ಣಿನಿಂದ ಮುಚ್ಚಿ. ಸಕ್ಕರೆಪಾಕವನ್ನು ಕತ್ತಲಾದ ಮೇಲೆ, ಪೆಟ್ಟಿಗೆಯ ಒಳಗೇ ಕೊಡಿ.

4. ಸಂಶಯದ ನೊಣ ಹತ್ತನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ದಿನಾಂಕ ಬರೆದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಪುಣೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಮಹಾಬಳೇಶ್ವರದಲ್ಲಿ ರಾಜ್ಯದ ಮಧ ಸಂಚಾಲನಾಲಯವಿದೆ. ಉಣ್ಣಿಗೆ ಔಷಧವನ್ನು ಇಂಥವರನ್ನು ಕೇಳಿಯೇ ಹಾಕಬೇಕು. ಅಳತೆ ತಪ್ಪಿದರೆ ನೊಣವೂ ಸಾಯುತ್ತದೆ, ತುಪ್ಪವೂ ಕೆಡುತ್ತದೆ.

5. ತುಡುವೆ ಮತ್ತು ಇಟಲಿ ಪೆಟ್ಟಿಗೆಗಳನ್ನು ಒಂದೇ ಬದುವಿನ ಮೇಲೆ ಇಡಬೇಡಿ. ಒಂದರ ಎರಿಯನ್ನು ಇನ್ನೊಂದಕ್ಕೆ ಕೊಡಲೇಬೇಡಿ.

6. ಒಂದು ಚಿಕ್ಕ ವಹಿ ಇಡಿ. ಪೆಟ್ಟಿಗೆ ತಂದ ದಿನ, ನೊಣದ ಬಣ್ಣ, ಮೊಟ್ಟೆ ಕಂಡ ದಿನ, ಹೂವು ಯಾವುದು ಎಂದು ಬರೆದಿಟ್ಟರೆ ಎರಡು ತಿಂಗಳ ಲೆಕ್ಕ ತಾನಾಗಿ ತಿಳಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಬಹಳ ಚೆನ್ನಾಗಿ ಮಾಡುತ್ತಾರೆ.

ಆರೋಗ್ಯದ ಎರಡು ಮಾತು

ಕಳ್ಳತನ ನಡೆಯುವ ಪೆಟ್ಟಿಗೆಯ ನೊಣಗಳು ಸಿಟ್ಟಿನಲ್ಲಿರುತ್ತವೆ. ಆಗ ಮುಖಪರದೆಯಿಲ್ಲದೆ ಹತ್ತಿರ ಹೋಗಬಾರದು. ಕುಟುಕಿದರೆ ಮುಳ್ಳನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ. ಅದು ಚರ್ಮದಲ್ಲಿ ಇರುವಷ್ಟು ಹೊತ್ತು ವಿಷ ಇಳಿಯುತ್ತಲೇ ಇರುತ್ತದೆ. ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣ ಹಚ್ಚಿದರೆ ಚರ್ಮ ಸುಡಬಹುದು. ಕುಟುಕಿದ ಜಾಗ ಊದುವುದು ಸಹಜ. ಆದರೆ ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ಮೈಯೆಲ್ಲ ದದ್ದು, ತಲೆಸುತ್ತು ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಹೆಜ್ಜೇನು ಬೆನ್ನಟ್ಟಿದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ಹತ್ತಾರು ಕಡೆ ಕುಟುಕಿದವರನ್ನು ನೋವು ಕಡಿಮೆಯಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಸ್ವಂತ ಪೆಟ್ಟಿಗೆಯ ತುಪ್ಪ ಮನೆಗೆ ಬಂದಾಗ ಹಸುಗೂಸಿನ ನಾಲಿಗೆಗೆ ಹಚ್ಚುವ ಆಸೆ ಹಿರಿಯರಿಗೆ ಇರುತ್ತದೆ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಎಷ್ಟೇ ಶುದ್ಧವಾದ ತುಪ್ಪದಲ್ಲಿಯೂ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತವೆ. ಮಗು ಸೋತು ಬಿದ್ದು ಉಸಿರಾಟಕ್ಕೇ ಕುತ್ತು ಬರಬಹುದು. ಅಜ್ಜಿಯರಿಗೆ ಇದನ್ನು ಪ್ರೀತಿಯಿಂದ ತಿಳಿಸಿ ಹೇಳಿ.

ರೈತ ಬಂಧುಗಳೇ, ನೊಣದ ಬಣ್ಣ ಬದಲಾದದ್ದು ಒಂದು ಸುದ್ದಿ ಮಾತ್ರ. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂಬುದನ್ನು ಮೊಟ್ಟೆ, ಮರಿ, ಪರಾಗ ಹೇಳುತ್ತವೆ. ಈ ವಾರ ಪೆಟ್ಟಿಗೆಯ ಹತ್ತಿರ ಹೋದಾಗ ಮೊದಲು ಅವನ್ನು ನೋಡಿ, ಆಮೇಲೆ ಮುಂದಿನ ಕೆಲಸ ನಿಶ್ಚಯಿಸಿರಿ.